ಪ್ರವಾಸಿ ಟ್ರೇಲರ್‌ನ ಚಕ್ರ ಬೇರಿಂಗ್‌ಗಳ ನಿರ್ವಹಣೆ

ಪ್ರವಾಸಿ ಟ್ರೇಲರ್ ಎಂಬುದು ಕಾರು ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಜೋಡಿಸಿ ಎಳೆದೊಯ್ಯುವ, ವಾಸಕ್ಕೆ ಅನುಕೂಲಗಳುಳ್ಳ ಗಾಡಿ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಇದರ ಭಾರದ ಬಹುಪಾಲನ್ನು ಚಕ್ರಗಳ ಬೇರಿಂಗ್‌ಗಳೇ ಹೊರುತ್ತವೆ. ಅವು ಕೆಟ್ಟರೆ ಚಲಿಸುತ್ತಿರುವಾಗಲೇ ಚಕ್ರ ಕಳಚಿಹೋಗುವ ಸಂಭವವಿರುವುದರಿಂದ ನಿಯತ ನಿರ್ವಹಣೆ ಅಗತ್ಯ.

ರಚನೆ

ಸಾಮಾನ್ಯವಾಗಿ ಪ್ರತಿ ಚಕ್ರದ ಹಬ್‌ನಲ್ಲಿ ಒಳಗಿನದು ಮತ್ತು ಹೊರಗಿನದು ಎಂದು ಎರಡು ಮೊನಚು ಉರುಳೆ ಬೇರಿಂಗ್‌ಗಳಿರುತ್ತವೆ. ಒಳಬಳೆ, ಹೊರಬಳೆ, ಉರುಳೆಗಳು ಮತ್ತು ಅವುಗಳನ್ನು ಹಿಡಿದಿಡುವ ಪಂಜರ ಇದರ ಭಾಗಗಳು. ಉರುಳೆಗಳು ಓರೆಯಾಗಿರುವುದರಿಂದ ಮೇಲಿನ ಭಾರವನ್ನೂ ತಿರುವುಗಳಲ್ಲಿ ಉಂಟಾಗುವ ಪಕ್ಕದ ಒತ್ತಡವನ್ನೂ ಒಟ್ಟಿಗೆ ತಡೆದುಕೊಳ್ಳುತ್ತವೆ. ಹೆನ್ರಿ ಟಿಮ್ಕೆನ್ ಈ ಬಗೆಯ ಬೇರಿಂಗ್‌ಗೆ 1898ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು.

ನಿರ್ವಹಣೆಯ ಅವಧಿ

ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ (ಸುಮಾರು 19,000 ಕಿ.ಮೀ.), ಯಾವುದು ಮೊದಲೋ ಆಗ, ಗ್ರೀಸ್ ಬದಲಿಸುವುದು ರೂಢಿ. ಟ್ರೇಲರ್ ಓಡದೆ ನಿಂತಿದ್ದರೂ ಈ ನಿಯಮ ಅನ್ವಯಿಸುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಹಬ್‌ನೊಳಗೆ ತೇವ ಸೇರಿ ಉರುಳೆಗಳು ತುಕ್ಕು ಹಿಡಿಯಬಹುದು.

ವಿಧಾನ

ತಯಾರಕರು ಸೂಚಿಸಿದ ಜಾಗದಲ್ಲಿ ಟ್ರೇಲರನ್ನು ಎತ್ತಿ, ಆಧಾರಗಳ ಮೇಲೆ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡೆ ಇಡಬೇಕು. ಚಕ್ರ, ಧೂಳಿನ ಮುಚ್ಚಳ, ಪಿನ್ ಮತ್ತು ನಟ್ ತೆಗೆದ ಬಳಿಕ ಹಬ್ ಹೊರಬರುತ್ತದೆ. ಬೇರಿಂಗ್‌ಗಳನ್ನು ದ್ರಾವಕದಿಂದ ತೊಳೆದು ಒಣಗಿಸಬೇಕು; ಒತ್ತಡದ ಗಾಳಿ ಬೀಸಿ ಅವುಗಳನ್ನು ಗಿರಗಿರನೆ ತಿರುಗಿಸುವುದು ಅಪಾಯಕರ. ಗುಳಿ, ಗೀರು, ತುಕ್ಕು ಅಥವಾ ಕಾವಿನಿಂದಾದ ನೀಲಿ ಛಾಯೆ ಕಂಡರೆ ಬೇರಿಂಗನ್ನು ಹೊರಬಳೆಯ ಸಮೇತ ಬದಲಿಸಬೇಕು.

ಹೊಸ ಗ್ರೀಸನ್ನು ಉರುಳೆಗಳ ನಡುವಿನ ಸಂದುಗಳೆಲ್ಲ ತುಂಬುವಂತೆ ಬೇರಿಂಗ್‌ನ ಅಗಲವಾದ ತುದಿಯಿಂದ ಒತ್ತಲಾಗುತ್ತದೆ. ಬೇರೆ ಬೇರೆ ಬಗೆಯ ಗ್ರೀಸ್‌ಗಳನ್ನು ಬೆರೆಸಿದರೆ ಅವು ಪರಸ್ಪರ ಹೊಂದದೆ ತೆಳುವಾಗಬಹುದು. ಹಳೆಯ ಸೀಲನ್ನು ಮರಳಿ ಬಳಸುವಂತಿಲ್ಲ. ಸೀಲಿನಿಂದ ಸೋರಿದ ಗ್ರೀಸ್ ಬ್ರೇಕಿನ ಪಟ್ಟಿಗಳಿಗೆ ಅಂಟಿದರೆ ಬ್ರೇಕಿನ ಹಿಡಿತ ತಗ್ಗುತ್ತದೆ.

ಮರುಜೋಡಣೆಯಲ್ಲಿ ಹಬ್ಬನ್ನು ತಿರುಗಿಸುತ್ತ ನಟ್ಟನ್ನು ಸುಮಾರು 50 ಪೌಂಡ್-ಅಡಿ (68 ನ್ಯೂಟನ್-ಮೀಟರ್) ಬಲದಿಂದ ಬಿಗಿದು, ನಂತರ ಸಡಿಲಿಸಿ, ಮತ್ತೆ ಬೆರಳಿನಿಂದಷ್ಟೇ ಬಿಗಿದು ಪಿನ್ ಹಾಕುವುದು ಬಹುಪಾಲು ಅಚ್ಚುಗಳಿಗೆ ಅನುಸರಿಸುವ ಕ್ರಮ. ನಟ್ ಅತಿಯಾಗಿ ಬಿಗಿಯಾದರೆ ಬೇರಿಂಗ್ ಕಾಯುತ್ತದೆ. ಅತಿಯಾಗಿ ಸಡಿಲವಾದರೆ ಚಕ್ರ ಅಲುಗುತ್ತದೆ. ಅಚ್ಚಿನ ತಯಾರಕರ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ.

ದೋಷದ ಲಕ್ಷಣಗಳು

ಚಲಿಸುವಾಗ ಗುಂಯ್‌ಗುಡುವ ಅಥವಾ ಉಜ್ಜುವ ಸದ್ದು, ಎತ್ತಿ ಹಿಡಿದಾಗ ಚಕ್ರದ ಅಲುಗಾಟ, ಇತರ ಹಬ್‌ಗಳಿಗಿಂತ ಒಂದು ಹಬ್ ಹೆಚ್ಚು ಬಿಸಿಯಾಗುವುದು ಮುಖ್ಯ ಲಕ್ಷಣಗಳು. ದೂರದ ಪ್ರಯಾಣದಲ್ಲಿ ನಿಲುಗಡೆಯಾದಾಗಲೆಲ್ಲ ಹಬ್‌ಗಳ ಉಷ್ಣತೆಯನ್ನು ಹೋಲಿಸಿ ನೋಡಿದರೆ ಇಂಥ ದೋಷ ಮೊದಲೇ ತಿಳಿಯುತ್ತದೆ.