ಹೊಳೆ ಇಳಿಯಬೇಕಾದ್ರೆ ಊರು ಏರಬೇಕು

1/8
ಮೇಜಿನ ಮೇಲೆ ಬೆಟ್ಟ ಮಾಡೋದು ಸುಲಭ. ಥರ್ಮಾಕೋಲ್ ತುಂಡು ಇಟ್ಟು ಹಸಿರು ಬಳಿದ್ರೆ ಬೆಟ್ಟ ರೆಡಿ. ಈಗ ಹೊಳೆ ಮಾಡಿ ನೋಡೋಣ? ಬಹುಪಾಲು ಜನ ನೀಲಿ ಕಾಗದ ಕತ್ತರಿಸಿ ಅಂಟಿಸ್ತಾರೆ. ಸ್ವಲ್ಪ ಬಗ್ಗಿ ನೋಡಿ. ಕಾಗದದ ದಪ್ಪದಷ್ಟು ಹೊಳೆ ನೆಲಕ್ಕಿಂತ ಮೇಲೆ ಇದೆ! ನಾವು ಈಜಿದ ಹೊಳೆ ಯಾವುದೂ ಹಾಗಿಲ್ಲ. ದಡದಿಂದ ಇಳೀಬೇಕು, ಆಮೇಲೆ ಹತ್ತಬೇಕು.

ಟೇಬಲ್‌ಟಾಪ್ ವಾರ್‌ಗೇಮ್ ಅಂದ್ರೆ ಪುಟ್ಟ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಮತ್ತು ದಾಳ ಹಿಡಿದು ಆಡುವ ಯುದ್ಧದ ಆಟ. ಇದರಲ್ಲಿ ನೆಲ ಬರೀ ಅಲಂಕಾರ ಅಲ್ಲ, ಅದೇ ಅರ್ಧ ಆಟ. ಅದಕ್ಕೇ ಒಂದು ಪ್ರಶ್ನೆ ಇನ್ನೂರು ವರ್ಷದಿಂದ ಆಟಗಾರರನ್ನು ಕಾಡ್ತಿದೆ: ಚಪ್ಪಟೆ ಮೇಜಿನಲ್ಲಿ ತಗ್ಗನ್ನು ತೋರಿಸೋದು ಹೇಗೆ?

2/8
ತಗ್ಗಿಗೆ ಯಾಕಿಷ್ಟು ಮಹತ್ವ ಅಂತೀರಾ? ಉತ್ತರ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ. 1799ರ ಏಪ್ರಿಲ್ 5, ರಾತ್ರಿ. ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧ. ಶ್ರೀರಂಗಪಟ್ಟಣದ ಹೊರಗಿದ್ದ ಸುಲ್ತಾನ್‌ಪೇಟೆ ತೋಪನ್ನು ಹಿಡಿಯೋಕೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅನ್ನೋ ಬ್ರಿಟಿಷ್ ಅಧಿಕಾರಿ ತನ್ನ ಪಡೆಯೊಂದಿಗೆ ಹೊರಟ. ದೂರದಿಂದ ಅದು ಬರೀ ಮರಗಳ ಗುಂಪು. ಒಳಗೆ ಕಾಲಿಟ್ಟರೆ ನೀರಾವರಿ ಕಾಲುವೆಗಳ ಜಾಲ. ಕತ್ತಲಲ್ಲಿ ಸೈನಿಕರು ಚದುರಿಹೋದರು. ತೋಪಿನ ಮೂಲೆಮೂಲೆ ಬಲ್ಲ ಟಿಪ್ಪುವಿನ ಪಡೆ ಗುಂಡಿನ ಜೊತೆ ರಾಕೆಟ್‌ಗಳನ್ನೂ ಹಾರಿಸ್ತು. ವೆಲ್ಲೆಸ್ಲಿಯ ಮಂಡಿಗೆ ಪೆಟ್ಟಾಯ್ತು, ದಾಳಿ ವಿಫಲವಾಯ್ತು. ಮರುದಿನ ಬೆಳಕಿನಲ್ಲಿ ಹೆಚ್ಚು ಪಡೆಯೊಂದಿಗೆ ಹೋದಾಗಲೇ ತೋಪು ಕೈಗೆ ಬಂದದ್ದು.

ಮೊದಲೇ ನೆಲ ನೋಡದೆ, ಸಿದ್ಧವಾಗಿ ಕಾಯ್ತಿರೋ ಶತ್ರುವಿನ ಮೇಲೆ ರಾತ್ರಿ ಹೊತ್ತು ನುಗ್ಗಬಾರದು ಅನ್ನೋ ಪಾಠವನ್ನು ಆತ ಕಲಿತದ್ದು ಇಲ್ಲೇ. ಈ ಮನುಷ್ಯನನ್ನು ನೆನಪಿಟ್ಟುಕೊಳ್ಳಿ, 6ನೇ ಭಾಗದಲ್ಲಿ ಮತ್ತೆ ಬರ್ತಾನೆ.

3/8
ಅದೇ ಮುತ್ತಿಗೆಯ ಕೊನೆಯ ದಿನ, ಮೇ 4. ಜನರಲ್ ಹ್ಯಾರಿಸ್‌ನ ಸೈನ್ಯಕ್ಕೆ ಎರಡು ಆತುರ. ಒಂದು, ಅಕ್ಕಿ ಮುಗಿಯುತ್ತಾ ಬಂದಿತ್ತು. ಎರಡು, ಮಳೆಗಾಲ ಹತ್ತಿರ ಬಂದಿತ್ತು. ಮಳೆ ಹಿಡಿದ್ರೆ ಕಾವೇರಿ ತುಂಬುತ್ತೆ, ಆಮೇಲೆ ದಾಟೋ ಮಾತೇ ಇಲ್ಲ. ಕೋಟೆಯ ಮಟ್ಟಿಗೆ ಕಾವೇರಿಯೂ ಒಂದು ಗೋಡೆ. ಆದರೆ ವರ್ಷದಲ್ಲಿ ಕೆಲವು ತಿಂಗಳು ಆ ಗೋಡೆ ತಾನಾಗೇ ಇಳಿದುಬಿಡುತ್ತೆ.

ಮಧ್ಯಾಹ್ನ ಸುಮಾರು 1 ಗಂಟೆ, ಸುಡುಬಿಸಿಲು. 4,000ಕ್ಕೂ ಹೆಚ್ಚು ಸೈನಿಕರು ಕಂದಕಗಳಿಂದ ಎದ್ದು ನದಿಗಿಳಿದರು. ತಳದಲ್ಲಿ ಜಾರುವ ಬಂಡೆ, ನೀರು ಒಂದು ಕಡೆ ಕಡಿಮೆ, ಇನ್ನೊಂದು ಕಡೆ ಆಳ. ದಾಟಿ, ಒಡೆದ ಗೋಡೆ ಹತ್ತಿ ನೋಡಿದರೆ ಒಳಗೆ ಇನ್ನೊಂದು ಕಂದಕ, ಅದರಾಚೆ ಇನ್ನೊಂದು ಗೋಡೆ! ದಾಳಿಯ ಮುಂದಾಳು ಬೇರ್ಡ್ ಕೂಡ ಒಂದು ಕ್ಷಣ ದಂಗಾದ. ಆದರೂ ದಾರಿ ಸಿಕ್ಕಿತು, ಕೋಟೆ ಬಿತ್ತು. ಆ ದಿನವೇ ಟಿಪ್ಪು ಹೋರಾಡುತ್ತಾ ಮಡಿದ.

ಈಗ ಈ ಕಥೆಯನ್ನು ನೀಲಿ ಕಾಗದದಲ್ಲಿ ಆಡಿ ನೋಡಿ. ಕಾಲುವೆ ಇಲ್ಲ, ಬಂಡೆ ಇಲ್ಲ, ಒಳಗಂದಕ ಇಲ್ಲ. ಆ ದಿನದ ಭಯ ಇದ್ದದ್ದೆಲ್ಲಾ ತಗ್ಗಿನಲ್ಲಿ, ಆ ತಗ್ಗೇ ಮೇಜಿನ ಮೇಲೆ ಇಲ್ಲ.

4/8
ಈ ತೊಂದರೆಗೆ ಒಂದು ಉತ್ತರ ಕೊಟ್ಟವರು ಜರ್ಮನ್ನರು. 1780ರಲ್ಲಿ ಹೆಲ್ವಿಗ್ ಅನ್ನೋ ಮೇಷ್ಟ್ರು ಚೆಸ್ ಬೋರ್ಡನ್ನೇ ಹಿಗ್ಗಿಸಿ ಯುದ್ಧದ ಆಟ ಮಾಡಿದ್ದ. (ಚೆಸ್ ನಮ್ಮ ಚತುರಂಗದಿಂದ ಹೋದದ್ದು, ಗೊತ್ತಲ್ಲ.) ಅದರಲ್ಲಿ ಸಾವಿರಾರು ಚೌಕ. ಬೆಟ್ಟಕ್ಕೆ ಒಂದು ಬಣ್ಣ, ನೀರಿಗೆ ಇನ್ನೊಂದು. ಆದರೆ ಎಲ್ಲಾ ಚಪ್ಪಟೆ.

ಆಮೇಲೆ ಪ್ರಷ್ಯಾದ ಬ್ಯಾರನ್ ಫಾನ್ ರೈಸ್‌ವಿಟ್ಸ್ ಬಂದ. ಈತ ಶುರು ಮಾಡಿದ್ದು ಮರಳಿನಿಂದ. ಮರಳಿನಲ್ಲಿ ಬೆರಳಾಡಿಸಿದ್ರೆ ಹೊಳೆ, ಗುಡ್ಡೆ ಹಾಕಿದ್ರೆ ಬೆಟ್ಟ. ತಗ್ಗಿನ ಸಮಸ್ಯೆಗೆ ಇದಕ್ಕಿಂತ ಸರಳ ಪರಿಹಾರ ಉಂಟಾ? ಆದರೆ ಆಟ ನೋಡಬೇಕು ಅಂದವನು ಸ್ವತಃ ರಾಜ ಮೂರನೇ ಫ್ರೆಡರಿಕ್ ವಿಲಿಯಂ. ರಾಜನ ಮುಂದೆ ಮರಳಿನ ಪೆಟ್ಟಿಗೆ ಇಡೋದು ಹೇಗೆ? ಸಮಯ ಕೇಳಿಕೊಂಡು, 1812ರಲ್ಲಿ ಒಂದು ಭರ್ಜರಿ ಮೇಜು ತಂದ. ಅದಕ್ಕೆ ಡ್ರಾಯರ್‌ಗಳು, ಒಳಗೆ ಬಿಡಿಬಿಡಿ ಬಿಲ್ಲೆಗಳು. ಒಂದೊಂದರ ಮೇಲೂ ಉಬ್ಬು-ತಗ್ಗು ಮೂಡಿಸಿ ಬಣ್ಣ ಹಚ್ಚಿದ ನೆಲ: ಹೊಳೆ, ರಸ್ತೆ, ಹಳ್ಳಿ. ಜೋಡಿಸುವ ಕ್ರಮ ಬದಲಿಸಿದ್ರೆ ಹೊಸ ರಣರಂಗ. ಆ ಮೇಜು ಈಗಲೂ ಬರ್ಲಿನ್ನಿನ ಶಾರ್ಲೊಟೆನ್‌ಬರ್ಗ್ ಅರಮನೆಯಲ್ಲಿದೆ.

5/8
ಬ್ಯಾರನ್ನನ ಮಗ ಸೈನ್ಯದಲ್ಲಿ ಅಧಿಕಾರಿ. ಅರಮನೆಯ ಮೇಜನ್ನು ಹೊತ್ತುಕೊಂಡು ಊರೂರು ತಿರುಗೋಕಾಗಲ್ಲ ಅಂತ ಅವನಿಗೆ ಗೊತ್ತು. 1824ರಲ್ಲಿ ಬಿಲ್ಲೆಗಳನ್ನು ಬಿಟ್ಟು 1:8000 ಅಳತೆಯ ನಕ್ಷೆಯ ಮೇಲೆ ಆಟ ಕಟ್ಟಿದ. ದಾಳ, ನಿಯಮ, ಮಧ್ಯದಲ್ಲಿ ಒಬ್ಬ ತೀರ್ಪುಗಾರ. ಸೇನೆಯ ಮುಖ್ಯಸ್ಥರಲ್ಲಿ ಒಬ್ಬನಾದ ಜನರಲ್ ಮ್ಯೂಫ್ಲಿಂಗ್ ನೋಡಿ ಎಷ್ಟು ಮೆಚ್ಚಿದ ಅಂದ್ರೆ, ಇದನ್ನು ಸೈನ್ಯದ ತರಬೇತಿಗೇ ಶಿಫಾರಸು ಮಾಡಿದ. ಇದೇ ‘ಕ್ರೀಗ್‌ಸ್ಪೀಲ್’, ಅಂದ್ರೆ ಯುದ್ಧದಾಟ.

ಲಾಭ ದೊಡ್ಡದು: ನಕ್ಷೆಯನ್ನು ಸುತ್ತಿ ಎಲ್ಲಿಗಾದರೂ ಒಯ್ಯಬಹುದು. ನಷ್ಟವೂ ಇತ್ತು: ತಗ್ಗು ಮತ್ತೆ ಕಾಗದಕ್ಕೆ ಹೋಯ್ತು. ಇಳಿಜಾರನ್ನು ಗೆರೆಗಳಲ್ಲಿ ಓದಬೇಕು. ಓದೋಕೆ ಬಂದವನಿಗೆ ಕೊರಕಲು ಕಾಣುತ್ತೆ, ಬಾರದವನಿಗೆ ಬರೀ ಗೀಟು.

6/8
ಈಗ ನಮ್ಮ ವೆಲ್ಲೆಸ್ಲಿ. 1815ರ ಜೂನ್ 18ರ ಹೊತ್ತಿಗೆ ಅವನು ಡ್ಯೂಕ್ ಆಫ್ ವೆಲಿಂಗ್ಟನ್. ಜಾಗ ವಾಟರ್‌ಲೂ, ಎದುರಾಳಿ ನೆಪೋಲಿಯನ್. ಸುಲ್ತಾನ್‌ಪೇಟೆಯಲ್ಲಿ ತಗ್ಗು ಅವನಿಗೆ ವೈರಿಯಾಗಿತ್ತು, ಇಲ್ಲಿ ಅದೇ ಗೆಳೆಯ. ತನ್ನ ಸೈನ್ಯದ ಹೆಚ್ಚಿನ ಭಾಗವನ್ನು ದಿಬ್ಬದ ಹಿಂದಿನ ಇಳಿಜಾರಿನಲ್ಲಿ ಬಚ್ಚಿಟ್ಟ. ದಿಬ್ಬದ ನೆತ್ತಿಯುದ್ದಕ್ಕೂ ಓಹೇನ್ ರಸ್ತೆ, ಕೆಲವು ಕಡೆ ನೆಲಕ್ಕಿಂತ ತಗ್ಗಾಗಿತ್ತು.

ಆದರೆ ಯುದ್ಧ ಮುಗಿದ ಮೇಲೆ ನೆಲವೇ ಬದಲಾಯ್ತು. ನೆನಪಿಗಾಗಿ ಅಲ್ಲೊಂದು ಸಿಂಹದ ಗುಡ್ಡ ಕಟ್ಟಿದರು, 1826ರಲ್ಲಿ ಮುಗೀತು. ಅದಕ್ಕೆ ಬೇಕಾದ ಮಣ್ಣನ್ನು ಅಗೆದದ್ದು ಅದೇ ದಿಬ್ಬದಿಂದ! ಸ್ಮಾರಕ ಎದ್ದಿತು, ಯಾವುದರ ಸ್ಮಾರಕವೋ ಆ ನೆಲ ತಗ್ಗಿತು.

1830ರಲ್ಲಿ ವಿಲಿಯಂ ಸೈಬೋರ್ನ್ ಅನ್ನೋ ಬ್ರಿಟಿಷ್ ಲೆಫ್ಟಿನೆಂಟ್ ಆ ಕಣದ ಮಾದರಿ ಮಾಡೋಕೆ ಹೊರಟ. ರಣರಂಗದ ನಡುವಿನ ಲಾ ಹೇ ಸಾಂತ್ ತೋಟದಮನೆಯಲ್ಲೇ ತಿಂಗಳುಗಟ್ಟಲೆ ಇದ್ದು ನೆಲ ಅಳೆದ. ನಡುವೆ ಸರ್ಕಾರ ಹಣ ನಿಲ್ಲಿಸ್ತು, ಆದರೂ ಸಾಲ ಮಾಡಿ ಮುಂದುವರಿಸಿದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ. ಒಂದು ಮೈಲಿಗೆ 9 ಅಡಿ ಅಳತೆ, ಮೇಲೆ ಹತ್ತಾರು ಸಾವಿರ ತವರದ ಸೈನಿಕರು. ಜನ ಮುಗಿಬಿದ್ದು ನೋಡಿದರು, ಅವನ ಸಾಲ ಮಾತ್ರ ತೀರಲಿಲ್ಲ. ಆ ಮಾದರಿ ಇವತ್ತು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ಒಂದು ಲೆಕ್ಕ ಹಾಕಿ. ಮೈಲಿಗೆ 9 ಅಡಿ ಅಂದ್ರೆ, 6 ಅಡಿ ಆಳದ ರಸ್ತೆ ಮಾದರಿಯಲ್ಲಿ ಬರೀ 3 ಮಿಲಿಮೀಟರ್. ಒಬ್ಬ ಮನುಷ್ಯ ಪೂರ್ತಿ ಅಡಗುವಷ್ಟು ಆಳ, ಉಗುರಿನಲ್ಲಿ ಗೀರಿದಷ್ಟು ಕಾಣುತ್ತೆ. ಅದಕ್ಕೇ ಇಂಥ ಮಾದರಿಗಳಲ್ಲಿ ಎತ್ತರ-ಆಳದ ಅಳತೆಯನ್ನು ಬೇಕಂತಲೇ ಹಿಗ್ಗಿಸ್ತಾರೆ.

7/8
ಸರಿ, ಇವತ್ತು ಹೇಗೆ ಮಾಡ್ತಾರೆ? ಮೇಜನ್ನು ಅಗೆಯೋಕಾಗಲ್ಲ. ಹಾಗಾಗಿ ಹೊಳೆ ಒಂದು ಇಂಚು ಇಳಿಯಬೇಕಾದ್ರೆ ಉಳಿದ ನೆಲವೆಲ್ಲಾ ಒಂದು ಇಂಚು ಏರಬೇಕು.

6 ಅಡಿ × 4 ಅಡಿ ಮೇಜಿಗೆ 2 ಅಡಿಯ ಚೌಕಗಳು 6 ಬೇಕು. ಹೊಳೆ ಹಾಯೋದು ಎರಡು-ಮೂರರಲ್ಲಿ ಮಾತ್ರ, ಆದ್ರೂ ಆರೂ ಒಂದೇ ಎತ್ತರ ಇರಬೇಕು. ಥರ್ಮಾಕೋಲ್ ಕತ್ತರಿಸಿದ್ರೆ ಕಾಳುಕಾಳಾಗಿ ಉದುರುತ್ತೆ, ಅದಕ್ಕೆ ಒತ್ತಾದ ಎಕ್ಸ್‌ಪಿಎಸ್ ಫೋಮ್ ಹಾಳೆ ಬಳಸ್ತಾರೆ. ಕೆಳಗೆ ಗಟ್ಟಿ ಹಲಗೆ, ಮೇಲೆ ಫೋಮ್, ಫೋಮಿನಲ್ಲಿ ಕೊರೆದ ಹೊಳೆ. ಪ್ರತಿ ಚೌಕದ ಅಂಚಿನಲ್ಲೂ ಹೊಳೆ ಸರಿಯಾಗಿ ಮಧ್ಯಕ್ಕೇ, ಒಂದೇ ಅಗಲ, ಒಂದೇ ಆಳಕ್ಕೆ ಬರಬೇಕು. ಆಗ ಯಾವ ಚೌಕವನ್ನು ಹೇಗೆ ತಿರುಗಿಸಿದ್ರೂ ನೀರು ಕೂಡಿಕೊಳ್ಳುತ್ತೆ. ರೈಸ್‌ವಿಟ್ಸ್‌ನ ಬಿಲ್ಲೆಗಳ ಉಪಾಯವೇ ಇದು.

ಆಳ ಕಣಿವೆ ಬೇಕಾದ್ರೆ ಎರಡು-ಮೂರು ಪದರ. ಬಂಡೆಯ ಪದರಗಳಂತೆ ಅಡ್ಡಗೆರೆ ಕೊರೆಯಿರಿ. ಕಣಿವೆ ಕೈ ಹೋಗುವಷ್ಟು ಅಗಲ ಇರಲಿ, ಇಲ್ಲಾಂದ್ರೆ ಒಳಗೆ ಇಟ್ಟ ಸೈನಿಕನನ್ನು ಎತ್ತೋಕೇ ಆಗಲ್ಲ.

ಹೊಳೆ ತಿರುಗೋ ಕಡೆ ಹೊರದಡ ಕಡಿದು, ಒಳದಡ ಇಳಿಜಾರು. ನೀರು ಹೊರಗಡೆ ಕೊರೆಯುತ್ತೆ, ಒಳಗಡೆ ಮರಳು ಬಿಡುತ್ತೆ. ಬಣ್ಣ ನಡುವೆ ಗಾಢ, ಅಂಚಿಗೆ ತಿಳಿ. ಸ್ಪ್ರೇ ಪೇಂಟ್ ನೇರವಾಗಿ ಬೇಡ, ಫೋಮ್ ಕರಗುತ್ತೆ. ಮೊದಲು ಫೆವಿಕಾಲ್ ಬಳಿದು ಒಣಗಿಸಿ. ಮೇಲೆ ಹೊಳಪು ವಾರ್ನಿಶ್ ಸಾಕು. ರೆಸಿನ್ ಹಾಕೋದಾದ್ರೆ ಗಾಳಿಯಾಡೋ ಕಡೆ, ತೆಳು ತೆಳು ಪದರವಾಗಿ ಸುರಿಯಿರಿ, ಒಮ್ಮೆಗೇ ದಪ್ಪಗೆ ಸುರಿದ್ರೆ ಕಾಯುತ್ತೆ.

8/8
ಕೊನೆಗೆ ಒಂದು ಕೆಲಸ. ಶ್ರೀರಂಗಪಟ್ಟಣದ ಮೇಜು ಮಾಡ್ತೀರಿ ಅಂದುಕೊಳ್ಳಿ. ಕಾವೇರಿಗೆ ಬಣ್ಣ ಹಚ್ಚೋ ಮೊದಲು ತಿಂಗಳು ಕೇಳಿ. ಮೇ ತಿಂಗಳಾದ್ರೆ ಬಂಡೆ ಎದ್ದಿರಬೇಕು, ನಡುವೆ ಅಲ್ಲಲ್ಲಿ ನೀರು. ಜುಲೈ ಆದ್ರೆ ದಡದಿಂದ ದಡಕ್ಕೆ ಕೆಂಪು ನೀರು, ದಾಳಿಯೇ ಇಲ್ಲ. ಅದೇ ಕೋಟೆ, ಅದೇ ಸೈನ್ಯ, ಆಟ ಮಾತ್ರ ಬೇರೆ.

ನಮ್ಮ ಪಠ್ಯಪುಸ್ತಕದ ನಕ್ಷೆಯಲ್ಲಿ ಕಾವೇರಿ ವರ್ಷವಿಡೀ ಒಂದೇ ನೀಲಿ ಗೆರೆ. ಇನ್ನು ಮುಂದೆ ಯಾವುದೇ ಯುದ್ಧದ ನಕ್ಷೆ ನೋಡಿದ್ರೂ ಆ ಗೆರೆಯನ್ನು ಎರಡು ಪ್ರಶ್ನೆ ಕೇಳಿ: ನಿನ್ನ ಆಳ ಎಷ್ಟು? ಇದು ಯಾವ ತಿಂಗಳು?

ನಿಮ್ಮೂರ ಹೊಳೆಯನ್ನು ಬೇಸಿಗೆಯಲ್ಲಿ ಎಲ್ಲಿ ನಡೆದು ದಾಟಬಹುದು? ಮನೇಲಿ ಅಜ್ಜ-ಅಜ್ಜಿಯನ್ನು ಕೇಳಿ, ಕಾಮೆಂಟಲ್ಲಿ ಬರೀರಿ.

#ಇತಿಹಾಸ #ಶ್ರೀರಂಗಪಟ್ಟಣ #ವಾರ್‌ಗೇಮ್ #ಕನ್ನಡದಲ್ಲಿ