ಗಾಳಿಯ ಲೆಕ್ಕ, ಬಳ್ಳಾರಿಯ ದಾರಿ



ಮುಂಬಯಿಯಲ್ಲಿ ವಿಮಾನ ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ಚೆನ್ನೈ. ಇದೇ ದಾರಿಯಲ್ಲಿ ಹೊರಟ ಟಾಟಾ ಕಂಪನಿಯ ಮೊದಲ ಟಪಾಲು ವಿಮಾನ ರಾತ್ರಿ ಎಲ್ಲಿ ತಂಗಿತ್ತು ಗೊತ್ತೆ? ನಮ್ಮ ಬಳ್ಳಾರಿಯಲ್ಲಿ!

ಅದು 1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಮುಂಬಯಿಯ ಜುಹು ತಲುಪಿದರು. ಅಲ್ಲಿಂದ ಟಪಾಲನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ವಿಮಾನದಲ್ಲಿ ರೇಡಿಯೋ ಇರಲಿಲ್ಲ, ದಾರಿ ತೋರಿಸುವವರೂ ಇರಲಿಲ್ಲ. ಹಾಗಾದರೆ ಬಳ್ಳಾರಿ ಸಿಕ್ಕಿದ್ದು ಹೇಗೆ?

ಉತ್ತರ ಸರಳ: ನೆಲದ ಮೇಲೇ ಮಾಡಿಕೊಂಡ ಲೆಕ್ಕದಿಂದ. ಪೈಲಟ್ ವಿದ್ಯಾರ್ಥಿಗಳಿಗೆ ಇಂದಿಗೂ ಕಲಿಸುವ 'ಕ್ರಾಸ್-ಕಂಟ್ರಿ' ಪಾಠ ಇದೇ. ನೀವೂ ಒಂದು ನಕ್ಷೆ ತೆಗೆದುಕೊಳ್ಳಿ. ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆ ಎಳೆಯಿರಿ. ಸುಮಾರು 600 ಕಿ.ಮೀ. ಸಹ್ಯಾದ್ರಿ ದಾಟಬೇಕು, ಆಮೇಲೆ ಕೃಷ್ಣಾ, ಕೊನೆಗೆ ತುಂಗಭದ್ರಾ. ಇವೇ ನಿಮ್ಮ ಗುರುತುಗಳು. ಯಾವ ಗುರುತು ಎಷ್ಟು ಹೊತ್ತಿಗೆ ಕಾಣಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಹೊತ್ತು ಮೀರಿದರೂ ನದಿ ಕಾಣದಿದ್ದರೆ, ಎಲ್ಲೋ ತಪ್ಪಿದ್ದೀರಿ ಎಂದರ್ಥ.

ತಪ್ಪು ಎಷ್ಟು ದೊಡ್ಡದಾಗಬಹುದು? ಅದಕ್ಕೊಂದು ಬಾಯಿಲೆಕ್ಕವಿದೆ. ಒಂದು ಡಿಗ್ರಿ ದಿಕ್ಕು ತಪ್ಪಿದರೆ 60 ಕಿ.ಮೀ. ಹೋಗುವಷ್ಟರಲ್ಲಿ ನೀವು ಒಂದು ಕಿ.ಮೀ. ಪಕ್ಕಕ್ಕಿರುತ್ತೀರಿ. ಐದು ಡಿಗ್ರಿ ತಪ್ಪಿದರೆ, ಬಳ್ಳಾರಿ ಇರಬೇಕಾದ ಹೊತ್ತಿಗೆ ಊರು 50 ಕಿ.ಮೀ. ದೂರದಲ್ಲಿ!

ಇನ್ನು ಗಾಳಿ. ಗಂಟೆಗೆ 90 ಮೈಲಿ ಹಾರುವ ವಿಮಾನಕ್ಕೆ 180 ಮೈಲಿ ದಾರಿ ಎರಡು ಗಂಟೆಯದು. ಆದರೆ 30 ಮೈಲಿ ವೇಗದ ಇದಿರು ಗಾಳಿ ಬೀಸಿದರೆ ಅದೇ ದಾರಿಗೆ ಮೂರು ಗಂಟೆ ಬೇಕು. ಎರಡೂವರೆ ಗಂಟೆಯ ಪೆಟ್ರೋಲ್ ಮಾತ್ರ ತುಂಬಿಸಿಕೊಂಡವನ ಗತಿಯೇನು? ನೀವೇ ಊಹಿಸಿ. ಅದಕ್ಕೇ ಮೇಷ್ಟ್ರು ಮೊದಲು ಗಾಳಿ ಕೇಳುತ್ತಾರೆ, ಆಮೇಲೆ ಪೆಟ್ರೋಲ್, ಆಮೇಲೆ ಇನ್ನೊಂದು ಪ್ರಶ್ನೆ: "ಅಲ್ಲಿ ಇಳಿಯಲಾಗದಿದ್ದರೆ ಎಲ್ಲಿಗೆ ಹೋಗುತ್ತೀಯ?"

ಈ ಮುನ್ನೆಚ್ಚರಿಕೆ ಟಾಟಾ ಅವರಿಗೆ ಹೊಸದಲ್ಲ. ಮುಂಬಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು 1929ರಲ್ಲಿ ಲೈಸೆನ್ಸ್ ಪಡೆದಿದ್ದ ಅವರು, ಮರುವರ್ಷವೇ ಆಗಾ ಖಾನ್ ಬಹುಮಾನಕ್ಕಾಗಿ ಭಾರತದಿಂದ ಇಂಗ್ಲೆಂಡಿಗೆ ಒಬ್ಬರೇ ಹಾರಿದರು. ಈಜಿಪ್ಟಿನಲ್ಲಿ, ಎದುರು ದಿಕ್ಕಿನಿಂದ ಬರುತ್ತಿದ್ದ ಸ್ಪರ್ಧಿ ಆಸ್ಪಿ ಎಂಜಿನಿಯರ್ ಸ್ಪಾರ್ಕ್ ಪ್ಲಗ್ ಕೆಟ್ಟು ನಿಂತಿದ್ದರು. ಟಾಟಾ ತಮ್ಮಲ್ಲಿದ್ದ ಹೆಚ್ಚುವರಿ ಪ್ಲಗ್ ಕೊಟ್ಟರು. ಬಹುಮಾನ ಗೆದ್ದವರು ಆಸ್ಪಿ! ಆಗ ಅವರಿಗೆ ಕೇವಲ 17 ವರ್ಷ. ಮುಂದೆ ಅವರೇ ನಮ್ಮ ವಾಯುಪಡೆಯ ಮುಖ್ಯಸ್ಥರಾದರು.

ಈಗ ಜಿಪಿಎಸ್ ಬಂದಿದೆ. ಹಾಗೆಂದು ಪಾಠ ಕೈಬಿಟ್ಟಿಲ್ಲ. ಕಮರ್ಷಿಯಲ್ ಲೈಸೆನ್ಸ್ ಬೇಕಾದರೆ ವಿದ್ಯಾರ್ಥಿ ಇಂದಿಗೂ 300 ನಾಟಿಕಲ್ ಮೈಲಿಗಿಂತ ಕಡಿಮೆಯಿಲ್ಲದ ಕ್ರಾಸ್-ಕಂಟ್ರಿ ಹಾರಾಟ ಮಾಡಿ, ಹೊರಟ ಊರನ್ನು ಬಿಟ್ಟು ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು ತೋರಿಸಬೇಕು. ಯಂತ್ರದ ಪರದೆ ಕಪ್ಪಾಗಬಹುದು. ತೊಡೆಯ ಮೇಲಿನ ಕಾಗದದಲ್ಲಿ ಬರೆದ ಲೆಕ್ಕ ಅಳಿಸುವುದಿಲ್ಲ.

ನಿಮ್ಮ ಮನೆಯಲ್ಲೂ ಪೈಲಟ್ ಆಗಬೇಕೆನ್ನುವ ಮಗನೋ ಮಗಳೋ ಇದ್ದರೆ, ಇವತ್ತೇ ಒಂದು ನಕ್ಷೆ, ಒಂದು ಪೆನ್ಸಿಲ್ ಕೊಡಿ. ಬಳ್ಳಾರಿಗೆ ದಾರಿ ಹುಡುಕಲಿ!