ಅಲಗಿನ ಓರೆ

ವಿಮಾನದ ಪ್ರೊಪೆಲರು ಗಾಳಿಯನ್ನು ತಿರುಪಿನಂತೆ ಕೊರೆದು ಸಾಗುತ್ತದೆ. ಒಂದು ಸುತ್ತಿಗೆ ಅದು ಸಾಗಬೇಕಾದ ದೂರವೇ ಪಿಚ್. ಅಲಗು ಓರೆಯಾದಷ್ಟೂ ಆ ದೂರ ಹೆಚ್ಚು. ಓರೆ ಕಡಿಮೆಯಿದ್ದರೆ ಎಂಜಿನು ಬಿರುಸಾಗಿ ಸುತ್ತಿ ವಿಮಾನ ಬೇಗ ನೆಲ ಬಿಡುತ್ತದೆ. ಹೆಚ್ಚಿದ್ದರೆ ಏರಲು ತಿಣುಕಿದರೂ ದೂರಯಾನದಲ್ಲಿ ಪೆಟ್ರೋಲು ಉಳಿಯುತ್ತದೆ.

1927ರ ಮೇ 20ರಂದು ನ್ಯೂಯಾರ್ಕ್ ಬಳಿಯ ರೂಸ್‌ವೆಲ್ಟ್ ಬಯಲಿನಿಂದ ಹೊರಟ ಲಿಂಡ್‌ಬರ್ಗನ ಪುಟ್ಟ ವಿಮಾನದ ಅಲಗುಗಳನ್ನು ಕಡಲ ದಾರಿಯನ್ನೆಣಿಸಿಯೇ ಬಿಗಿಯಲಾಗಿತ್ತು. ಹಿಂದಿನ ವರ್ಷ ಅದೇ ಬಯಲಿನಲ್ಲಿ ಅತಿಭಾರದ ವಿಮಾನವೊಂದು ಏರಲಾರದೆ ಉರಿದು ಇಬ್ಬರು ಸತ್ತಿದ್ದರು. ಲಿಂಡ್‌ಬರ್ಗ್ ಕೆಸರಿನಲ್ಲಿ ತೆವಳಿ, ಟೆಲಿಫೋನ್ ತಂತಿಗಳನ್ನು ಹೇಗೋ ದಾಟಿದ. 33 ಗಂಟೆ 30 ನಿಮಿಷಗಳ ಬಳಿಕ ಪ್ಯಾರಿಸ್ಸಿನಲ್ಲಿಳಿದಾಗ ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲಿತ್ತು.

ಅವನ ಧೈರ್ಯವನ್ನು ಎಲ್ಲರೂ ಹೊಗಳಿದ್ದಾರೆ. ನನಗೆ ನೆನಪಾಗುವುದು ಆ ಅಲಗು: ನೆಲದ ಮೇಲೆ ಒಮ್ಮೆ ಬಿಗಿದರಾಯಿತು, ಆಕಾಶದಲ್ಲಿ ಅದನ್ನು ತಿದ್ದುವಂತಿರಲಿಲ್ಲ.